ಬ್ರಹ್ಮದಂಡೆ ಯಾವುದು? ಒಂದು ಮುಳ್ಳುಗಿಡದ ಸುತ್ತ ಓದುಗರ ಪ್ರಶ್ನೆಗಳು

ಕಳೆದ ಸಂಚಿಕೆಯಲ್ಲಿ ವಿಜಯಪುರ ಜಿಲ್ಲೆಯ ಒಂದು ಹೊಲದ ಬದುವಿನಲ್ಲಿ ತೆಗೆದ ಮುಳ್ಳುಗಿಡದ ಚಿತ್ರವನ್ನು ಪ್ರಕಟಿಸಿ, ಅದರ ಕೆಳಗೆ ‘ಬ್ರಹ್ಮದಂಡೆ’ ಎಂದಷ್ಟೇ ಬರೆದಿದ್ದೆವು. ಬೂದುಬಿಳುಪಿನ ಕಾಂಡ, ಸೂಜಿಯಂಥ ಮುಳ್ಳುಗಳ ಎಲೆ, ತುದಿಯಲ್ಲಿ ನಿಂಬೆಹಣ್ಣಿನ ಗಾತ್ರದ ಬಿಳಿಯ ಹೂಚೆಂಡು, ಇಷ್ಟು ಆ ಚಿತ್ರದಲ್ಲಿತ್ತು. ಅದನ್ನು ಕಂಡು ಬಂದ ಪತ್ರಗಳಲ್ಲಿ ಹಲವು ಹೆಸರನ್ನು ಪ್ರಶ್ನಿಸಿವೆ, ಉಳಿದವು ಬಳಕೆಯನ್ನು ಕೇಳಿವೆ. ಒಂದೇ ವಿಷಯದ ಪತ್ರಗಳಾದ್ದರಿಂದ ಈ ಬಾರಿಯ ಅಂಕಣವನ್ನು ಅವುಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಕಡೆ ಬ್ರಹ್ಮದಂಡೆ ಎಂದರೆ ಹಳದಿ ಹೂವು ಬಿಡುವ, ಮುರಿದರೆ ಹಳದಿ ಹಾಲು ಸುರಿಸುವ ಮುಳ್ಳಿನ ಗಿಡ. ನೀವು ಹಾಕಿದ ಚಿತ್ರ ಬೇರೆಯೇ ಆಗಿದೆ. ತಪ್ಪು ನಮ್ಮದೋ, ನಿಮ್ಮದೋ? (ಸಿಂದಗಿಯ ಓದುಗರೊಬ್ಬರು)

ಉತ್ತರ: ತಪ್ಪು ಇಬ್ಬರದೂ ಅಲ್ಲ, ಆದರೆ ಬರಿಯ ಹೆಸರನ್ನು ಬರೆದು ಕೈತೊಳೆದುಕೊಂಡದ್ದು ನಮ್ಮ ತಪ್ಪು. ಬ್ರಹ್ಮದಂಡೆ ಅಥವಾ ಬ್ರಹ್ಮದಂಡಿ ಎಂಬ ಹೆಸರು ಕನಿಷ್ಠ ಮೂರು ಗಿಡಗಳಿಗೆ ಸಲ್ಲುತ್ತಿದೆ. ಮೂರೂ ಬಯಲುಸೀಮೆಯಲ್ಲಿ ಕಾಣುವಂಥವು, ಮೂರೂ ಔಷಧಿಯ ಮಾತಿನಲ್ಲಿ ಬರುವಂಥವು. ಒಂದು ಮಾತ್ರ ವಿಷ.

ಚಿತ್ರದಲ್ಲಿದ್ದುದು ಎಖಿನಾಪ್ಸ್ ಎಖಿನೇಟಸ್. ಇಂಗ್ಲಿಷಿನಲ್ಲಿ ಥಿಸಲ್ ಎಂದು ಕರೆಯುವ ಗುಂಪಿಗೆ ಸೇರಿದ ಗಿಡ ಇದೇ. ಇದು ಸೂರ್ಯಕಾಂತಿಯ ಕುಟುಂಬದ್ದು. ಸಂಸ್ಕೃತದಲ್ಲಿ ಇದನ್ನು ಉತ್ಕಂಟಕ ಎಂದೂ ಉಷ್ಟ್ರಕಂಟಕ ಎಂದೂ ಕರೆಯುತ್ತಾರೆ. ಉಷ್ಟ್ರವೆಂದರೆ ಒಂಟೆ. ಹಿಂದಿಯ ‘ಊಂಟ್‌ಕಟಾರಾ’ ಎಂಬ ಹೆಸರಿನಲ್ಲಿಯೂ ಆ ಒಂಟೆಯೇ ಇದೆ. ದನಕರುಗಳು ಮೂತಿ ತಿರುಗಿಸಿಕೊಂಡು ಹೋಗುವ ಈ ಮುಳ್ಳನ್ನು ಒಂಟೆ ನಿರಾಯಾಸವಾಗಿ ಮೇಯುತ್ತದೆ. ಎರಡನೆಯದು ಟ್ರೈಕೋಲೆಪಿಸ್ ಗ್ಲಾಬೆರಿಮಾ. ಮಹಾರಾಷ್ಟ್ರದ ಮತ್ತು ನಮ್ಮ ಗಡಿಭಾಗದ ವೈದ್ಯರು ಬ್ರಹ್ಮದಂಡಿ ಎಂದು ಬೇಡುವುದು ಸಾಮಾನ್ಯವಾಗಿ ಇದನ್ನೇ. ಇದೂ ಮೊದಲನೆಯದರ ಕುಟುಂಬದ್ದೇ, ಆದರೆ ಕಾಂಡವೂ ಎಲೆಯೂ ನುಣುಪು, ಹೂವು ನಸುನೇರಳೆ, ಮೈಯೆಲ್ಲ ಚುಚ್ಚುವ ಮುಳ್ಳು ಇದಕ್ಕಿಲ್ಲ.

ನೀವು ಹೇಳುತ್ತಿರುವ ಹಳದಿ ಹೂವಿನದು ಮೂರನೆಯದು, ಆರ್ಜೆಮೋನ್ ಮೆಕ್ಸಿಕಾನಾ. ಕನ್ನಡದಲ್ಲಿ ಇದಕ್ಕೆ ದತ್ತೂರಿ, ಅರಿಸಿನ ಉಮ್ಮತ್ತ ಮುಂತಾದ ಹೆಸರುಗಳಿವೆ. ಇದು ಮುಳ್ಳಿನಲ್ಲಿ ಮಾತ್ರ ಥಿಸಲ್‌ಗಳನ್ನು ಹೋಲುತ್ತದೆ. ಕುಲದಿಂದ ಗಸಗಸೆಯ ಬಂಧು. ಸಾಲದೆಂಬಂತೆ ಇದರ ‘ದತ್ತೂರಿ’ ಎಂಬ ಹೆಸರು ಮದ್ದುಗುಣಿಕೆಯೊಡನೆ, ಅಂದರೆ ಶಿವನಿಗೆ ಏರಿಸುವ ದತ್ತೂರದ ಹೂವಿನೊಡನೆ ಇನ್ನೊಂದು ಗೊಂದಲವನ್ನು ಹುಟ್ಟುಹಾಕಿದೆ. ದತ್ತೂರಿಯ ತವರು ಮೆಕ್ಸಿಕೋ ಮತ್ತು ಅದರ ಸುತ್ತಲಿನ ಅಮೆರಿಕದ ಭಾಗ. ಕೊಲಂಬಸ್ 1492ರಲ್ಲಿ ಅಟ್ಲಾಂಟಿಕ್ ದಾಟಿದ ಬಳಿಕವಷ್ಟೇ ಅದು ಇತ್ತ ಬಂದಿರಲು ಸಾಧ್ಯ. ಹೀಗಿದ್ದರೂ ಚರಕನ ಕಾಲದ ‘ಸ್ವರ್ಣಕ್ಷೀರಿ’ ಎಂಬ ಹೆಸರನ್ನು, ಹಾಲು ಹಳದಿಯಾಗಿದೆ ಎಂಬ ಒಂದೇ ಕಾರಣಕ್ಕೆ ಇದಕ್ಕೆ ತೊಡಿಸಿ, ಇದು ನಮ್ಮ ಪುರಾತನ ಮೂಲಿಕೆಯೆಂದು ಇಂದಿಗೂ ಬರೆಯುವವರಿದ್ದಾರೆ. ಚರಕಸಂಹಿತೆಯ ಕಾಲಕ್ಕೆ ಈ ನೆಲದಲ್ಲಿಯೇ ಇಲ್ಲದಿದ್ದ ಗಿಡ ಆ ಗ್ರಂಥದ ಮೂಲಿಕೆಯಾಗುವುದು ಹೇಗೆ?

ಮೂರನ್ನೂ ಬೇರ್ಪಡಿಸಲು ಪುಸ್ತಕ ಬೇಕಾಗಿಲ್ಲ. ಎಲೆಯನ್ನು ತುಂಡರಿಸಿ ನೋಡಿ. ಹಳದಿ ಹಾಲು ಒಸರಿದರೆ ಅದು ದತ್ತೂರಿ, ಕೈ ತೊಳೆದುಕೊಳ್ಳಿ. ಹಾಲಿಲ್ಲದೆ, ಎಲೆಯ ಅಡಿಭಾಗದಲ್ಲಿ ಹತ್ತಿಯಂಥ ಬಿಳಿಯ ರೋಮ ಕಂಡು, ಎಲೆಯಂಚಿನ ಮುಳ್ಳು ಬೆರಳಿಗೆ ಚುಚ್ಚಿದರೆ ಅದು ನಮ್ಮ ಚಿತ್ರದ ಗಿಡ.

ಪ್ರಶ್ನೆ: ಮಕ್ಕಳಿಗೆ ಹೂವಿನ ಭಾಗಗಳನ್ನು ತೋರಿಸಲೆಂದು ಈ ಚೆಂಡನ್ನು ಶಾಲೆಗೆ ಒಯ್ದಿದ್ದೆ. ಪುಷ್ಪಪತ್ರ ಎಲ್ಲಿ, ದಳ ಎಲ್ಲಿ ಎಂದು ನನಗೇ ತಿಳಿಯಲಿಲ್ಲ. ಇದು ಒಂದು ಹೂವೋ, ಹಲವೋ? (ಹಾವೇರಿ ಜಿಲ್ಲೆಯ ಶಿಕ್ಷಕಿಯೊಬ್ಬರು)

ಉತ್ತರ: ಮೇಡಂ, ನಿಮಗೆ ತಿಳಿಯದಿದ್ದುದರಲ್ಲಿ ಆಶ್ಚರ್ಯವಿಲ್ಲ, ಆ ಚೆಂಡು ಸೂರ್ಯಕಾಂತಿಗಿಂತಲೂ ಒಂದು ಹೆಜ್ಜೆ ಮುಂದೆ ಹೋಗಿದೆ. ಸೂರ್ಯಕಾಂತಿಯಲ್ಲಿ ನಾವು ಹೂವೆಂದು ಕರೆಯುವ ತಟ್ಟೆ ನಿಜವಾಗಿ ನೂರಾರು ಚಿಕ್ಕ ಹೂಗಳ ಗೊಂಚಲು, ಆ ಇಡೀ ಗೊಂಚಲಿಗೆ ಸುತ್ತಲೂ ಹಸಿರು ಹೊದಿಕೆಯ ಒಂದೇ ಬೇಲಿ. ಬ್ರಹ್ಮದಂಡೆಯಲ್ಲಿ ಪ್ರತಿಯೊಂದು ಚಿಕ್ಕ ಹೂವಿಗೂ ಅದರದೇ ಪ್ರತ್ಯೇಕ ಬೇಲಿ. ಅಂದರೆ ಒಂದೊಂದು ಗೊಂಚಲಿನಲ್ಲಿ ಒಂದೊಂದೇ ಹೂವು, ಅಂಥ ಹತ್ತಾರು ಗೊಂಚಲುಗಳು ಒಂದೇ ಬಿಂದುವಿನಿಂದ ಎಲ್ಲ ದಿಕ್ಕಿಗೂ ಚಾಚಿಕೊಂಡು ಚೆಂಡಾಗಿವೆ.

ಕಳೆದ ಜನವರಿಯಲ್ಲಿ ಬದುವಿನ ಮೇಲೆ ಕುಳಿತು ಒಂದು ಚೆಂಡನ್ನು ಬಿಡಿಸಿ ನೋಡಿದೆ. ಬರಿಗೈಯಲ್ಲಿ ಹಿಡಿಯಲು ಆಗುವುದಿಲ್ಲ, ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಹಿಡಿದೆ. ಚಿಮುಟದಿಂದ ಒಂದು ಎಸಳನ್ನು ಎಳೆದಾಗ ಬಂದದ್ದು ಎಸಳಲ್ಲ, ಒಂದು ಪೂರ್ಣ ಹೂವು. ಬುಡದಲ್ಲಿ ಬಿಳಿಯ ಬಿರುಸು ಕೂದಲಿನ ಕುಚ್ಚು, ಅದರ ಮೇಲೆ ಒಂದರ ಮೇಲೊಂದು ಒರಗಿದ ಚೂಪು ಹೊದಿಕೆಗಳು, ಅವುಗಳಲ್ಲಿ ಕೆಲವು ಚೆಂಡಿನಿಂದ ಹೊರಚಾಚುವಷ್ಟು ಉದ್ದನೆಯ ಮುಳ್ಳಾಗಿದ್ದವು. ಆ ಹೊದಿಕೆಗಳ ನಡುವಿನಿಂದ ಹೊರಬಂದ ತೆಳುವಾದ ಕೊಳವೆ ತುದಿಯಲ್ಲಿ ಐದಾಗಿ ಸೀಳಿ ಹಿಂದಕ್ಕೆ ಬಾಗಿತ್ತು. ಮಸೂರದ ಕೆಳಗಿಟ್ಟಾಗ ಆ ಸೀಳುಗಳ ನಡುವೆ ಪರಾಗದ ಕೊಳವೆಯೂ ಅದನ್ನು ತೂರಿಕೊಂಡು ಬಂದ ಶಲಾಕೆಯೂ ಕಂಡವು. ಮಕ್ಕಳಿಗೆ ಇದನ್ನೇ ತೋರಿಸಿ. ಚೆಂಡಿನ ನೆತ್ತಿಯ ಹೂಗಳು ಮೊದಲು ಅರಳುತ್ತವೆ, ಆಮೇಲೆ ಕೆಳಗಿನವು. ಆದ್ದರಿಂದ ಒಂದೇ ಚೆಂಡಿನಲ್ಲಿ ಮೇಲೆ ಅರಳಿದ ಹೂವನ್ನೂ ಕೆಳಗೆ ಮೊಗ್ಗನ್ನೂ ಒಟ್ಟಿಗೆ ತೋರಿಸಬಹುದು.

ಎಖಿನಾಪ್ಸ್ ಎಂಬ ಗ್ರೀಕ್ ಹೆಸರಿನ ಅರ್ಥ ಮುಳ್ಳುಹಂದಿಯಂತೆ ತೋರುವುದು ಎಂದು. ನಮ್ಮವರು ಅದೇ ಗಿಡದಲ್ಲಿ ದಂಡವನ್ನು ಕಂಡರು. ನೇರವಾದ ಬೂದುಬಣ್ಣದ ದಂಟು, ಅದರ ತಲೆಯ ಮೇಲೆ ಗುಂಡು: ತಪಸ್ವಿಯ ಕೈಯ ದಂಡದ ನೆನಪಾದುದರಿಂದ ಈ ಹೆಸರು ಬಂದಿರಬೇಕೆಂದು ನನಗೆ ತೋರುತ್ತದೆ. ರಾಮಾಯಣದ ಬಾಲಕಾಂಡದಲ್ಲಿ ವಿಶ್ವಾಮಿತ್ರನು ಎಸೆದ ಅಸ್ತ್ರಗಳನ್ನೆಲ್ಲ ವಸಿಷ್ಠನು ಎದುರು ಹೊಡೆಯದೆ, ಬ್ರಹ್ಮದಂಡವೊಂದನ್ನು ಮುಂದೆ ಹಿಡಿದು ನುಂಗಿಹಾಕುತ್ತಾನಲ್ಲವೇ? ತಾನಾಗಿ ಯಾರ ಮೇಲೂ ಹೋಗದೆ, ಬಂದವರನ್ನು ಮಾತ್ರ ತಡೆಯುವ ಮುಳ್ಳುಗಿಡಕ್ಕೆ ಅದಕ್ಕಿಂತ ಒಪ್ಪುವ ಹೆಸರು ಸಿಗಲಾರದು.

ಪ್ರಶ್ನೆ: ಇದರ ಬೇರನ್ನು ನಮ್ಮ ಅಜ್ಜ ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಏನಕ್ಕೆಂದು ಕೇಳುವ ಮೊದಲೇ ಅವರು ತೀರಿಕೊಂಡರು. ಬೇರಿನಲ್ಲಿ ನಿಜವಾಗಿಯೂ ಗುಣವಿದೆಯೇ? (ಕಲಬುರಗಿಯ ಓದುಗರು)

ಉತ್ತರ: ನಿಮ್ಮ ಅಜ್ಜ ಅದನ್ನು ಯಾವುದಕ್ಕೆ ಬಳಸುತ್ತಿದ್ದರೋ ಅವರಿಗೇ ಗೊತ್ತು. ದಾಖಲಾಗಿರುವ ಬಳಕೆಗಳಲ್ಲಿ ನನಗೆ ಹೆಚ್ಚು ನಂಬಿಕೆಗೆ ಅರ್ಹವೆನಿಸುವುದು ಹೊರಮೈಗೆ ಹಚ್ಚುವ ಎರಡು. ಒಣಗಿದ ಬೇರಿನ ಪುಡಿಯನ್ನು ಜಾಲಿಯ ಅಂಟಿನೊಡನೆ ಕಲಸಿ ತಲೆಗೆ ಹಚ್ಚಿದರೆ ಹೇನು ಸಾಯುತ್ತದೆ ಎಂಬುದು ಒಂದು. ದನಗಳ ಗಾಯದಲ್ಲಿ ಹುಳು ಬಿದ್ದಾಗ ಅದೇ ಪುಡಿಯನ್ನು ಉದುರಿಸುವುದು ಇನ್ನೊಂದು. ದನಕರು ಕಟ್ಟಿದ ಮನೆಯಾಗಿದ್ದರೆ ಅಜ್ಜ ಬೇರನ್ನು ಇಟ್ಟುಕೊಂಡದ್ದು ಈ ಎರಡನೆಯದಕ್ಕೇ ಇರಬಹುದು.

ಹೊಟ್ಟೆಗೆ ತೆಗೆದುಕೊಳ್ಳುವ ಬಳಕೆಗಳೂ ಇವೆ. ಆಯುರ್ವೇದದ ಬಳಕೆಯಲ್ಲಿ ಇದು ಹಸಿವೆಯನ್ನು ಹೆಚ್ಚಿಸುವ, ಮೂತ್ರವನ್ನು ಸರಾಗಗೊಳಿಸುವ, ನರಗಳಿಗೆ ಬಲ ಕೊಡುವ ಮೂಲಿಕೆಯೆಂದು ಹೆಸರಾಗಿದೆ. ಎಖಿನಾಪ್ಸ್ ಕುಲದ ಗಿಡಗಳಲ್ಲಿ ಎಖಿನಾಪ್ಸಿನ್ ಎಂಬ ಕ್ಷಾರಾಭವಿರುವುದೂ ಗೊತ್ತಾಗಿದೆ. ಆದರೆ ಮೊದಲ ಉತ್ತರದಲ್ಲಿ ಹೇಳಿದ ಗೊಂದಲವನ್ನು ಇಲ್ಲಿ ಮರೆಯಬಾರದು. ‘ಬ್ರಹ್ಮದಂಡಿಯ ಬೇರು’ ಎಂದು ಅಂಗಡಿಯಲ್ಲಿ ಕಟ್ಟಿಕೊಡುವ ಒಣಬೇರಿನ ತುಂಡಿಗೆ ಎಲೆಯೂ ಇಲ್ಲ, ಹಾಲೂ ಇಲ್ಲ; ಅದು ಮೂರರಲ್ಲಿ ಯಾವುದೆಂದು ಮಾರುವವನಿಗೂ ತಿಳಿದಿರುವುದಿಲ್ಲ. ಗಿಡವನ್ನು ನೆಲದಲ್ಲಿ ನಿಂತಾಗಲೇ ಗುರುತಿಸಬಲ್ಲ ವೈದ್ಯರು ಕೊಟ್ಟರೆ ಮಾತ್ರ ಸೇವಿಸಿ, ಇಲ್ಲವಾದರೆ ಬೇಡ.

ಗುಣದ ಮಾತು ಬಂದುದರಿಂದ ಇದೇ ಕುಲದ ಒಂದು ಸ್ವಾರಸ್ಯವನ್ನು ಹೇಳಿಬಿಡುತ್ತೇನೆ. ಸಿರಿಯಾ, ಇರಾನ್ ಸೀಮೆಯ ಎಖಿನಾಪ್ಸ್ ಗಿಡಗಳ ಮೇಲೆ ಲಾರಿನಸ್ ಎಂಬ ಜಾತಿಯ ಸೊಂಡಿಲುಹುಳು ಗೂಡು ಕಟ್ಟುತ್ತದೆ. ಕಡಲೆಕಾಯಿಯಷ್ಟು ಗಾತ್ರದ ಆ ಗೂಡು ಸಿಹಿಯಾಗಿರುತ್ತದೆ. ಅಲ್ಲಿಯ ಜನ ಅದನ್ನು ಆಯ್ದು, ‘ತ್ರೆಹಾಲಾ’ ಎಂಬ ಹೆಸರಿನಲ್ಲಿ ಕೆಮ್ಮು ಮುಂತಾದವಕ್ಕೆ ಕಷಾಯವಾಗಿ ಬಳಸುತ್ತ ಬಂದಿದ್ದಾರೆ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಬರ್ತೆಲೋ 1850ರ ದಶಕದ ಕೊನೆಯಲ್ಲಿ ಆ ಗೂಡಿನಿಂದ ಒಂದು ಸಕ್ಕರೆಯನ್ನು ಬೇರ್ಪಡಿಸಿ ಅದಕ್ಕೆ ಟ್ರೆಹಲೋಸ್ ಎಂದು ಹೆಸರಿಟ್ಟ. ಇಂದು ಪೊಟ್ಟಣದ ಸಿಹಿತಿಂಡಿಗಳ ಘಟಕಾಂಶಗಳ ಪಟ್ಟಿಯಲ್ಲಿ ಕೆಲವೊಮ್ಮೆ ಕಾಣುವ ಟ್ರೆಹಲೋಸ್ ಎಂಬ ಹೆಸರು ಮುಳ್ಳುಗಿಡದ ಮೇಲಿನ ಆ ಹುಳುವಿನ ಗೂಡಿನಿಂದ ಬಂದುದು.

ಪ್ರಶ್ನೆ: ಯಕೃತ್ತಿಗೆ ಒಳ್ಳೆಯದೆಂದು ನನ್ನ ಗೆಳೆಯರು ‘ಮಿಲ್ಕ್ ಥಿಸಲ್’ ಗುಳಿಗೆಗಳನ್ನು ತೆಗೆದುಕೊಳ್ಳುತ್ತಾರೆ, ಬೆಲೆ ಬಹಳ. ಆ ಗಿಡದ ಎಲೆಯ ಮೇಲೆ ಬಿಳಿಯ ನರಗಳಿರುತ್ತವೆಂದು ಓದಿದೆ. ಅಂಥದೇ ಬಿಳಿ ನರಗಳ ಮುಳ್ಳಿನ ಗಿಡ ನಮ್ಮೂರಿನ ಕೆರೆಯ ಅಂಗಳದಲ್ಲಿ ಬೇಕಾದಷ್ಟಿದೆ. ಅದನ್ನೇ ಕಷಾಯ ಮಾಡಿ ಕುಡಿಯಬಹುದೇ? (ಬೆಂಗಳೂರಿನಿಂದ ಒಬ್ಬರು)

ಉತ್ತರ: ದಯವಿಟ್ಟು ಕುಡಿಯಬೇಡಿ. ನೀವು ವರ್ಣಿಸಿದ ಗಿಡ ಬಹುಮಟ್ಟಿಗೆ ದತ್ತೂರಿಯೇ ಆಗಿರಬೇಕು. ಅದರ ಎಲೆಯಲ್ಲಿಯೂ ನರಗಳ ಗುಂಟ ಬಿಳಿಯ ಪಟ್ಟೆಗಳಿವೆ, ಅಂಚಿನಲ್ಲಿ ಮುಳ್ಳುಗಳಿವೆ. ಹೂವಿಲ್ಲದಾಗ ಚಿತ್ರ ನೋಡಿ ಹೋಲಿಸುವವರು ಮೋಸಹೋಗುವುದು ಸುಲಭ. ಮುರಿದರೆ ಹಳದಿ ಹಾಲು ಬರುವುದೆಂಬ ಪರೀಕ್ಷೆಯನ್ನು ಮೊದಲು ಮಾಡಿ ನೋಡಿ.

ಮಿಲ್ಕ್ ಥಿಸಲ್ ಎಂಬುದು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳ ಸಿಲಿಬಮ್ ಮೇರಿಯಾನಮ್. ಬಾಲಯೇಸುವಿಗೆ ಹಾಲೂಡುವಾಗ ಮೇರಿಯ ಹಾಲು ಎಲೆಯ ಮೇಲೆ ಬಿದ್ದು ಆ ಬಿಳಿ ಗೆರೆಗಳು ಮೂಡಿದವೆಂಬ ಐತಿಹ್ಯದಿಂದ ಅದರ ಹೆಸರಿನಲ್ಲಿ ಹಾಲೂ ಮೇರಿಯೂ ಸೇರಿಕೊಂಡರು. ಅದರ ಬೀಜದಲ್ಲಿರುವ ಸಿಲಿಮರಿನ್ ಎಂಬ ಸಾರವೇ ಗುಳಿಗೆಯ ತಿರುಳು. ಯುರೋಪಿನಲ್ಲಿ ‘ಡೆತ್ ಕ್ಯಾಪ್’ ಎಂಬ ಮಾರಕ ಅಣಬೆಯನ್ನು ತಿಂದವರಿಗೆ ಈ ಸಾರದ ಮುಖ್ಯ ಅಂಶವನ್ನು ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಕೊಡುವ ರೂಢಿಯಿದೆ. ಗುಳಿಗೆಯ ಮಾರಾಟಗಾರರು ಈ ಸಂಗತಿಯನ್ನು ದೊಡ್ಡದಾಗಿ ಹೇಳುತ್ತಾರೆ. ಹೆಪಟೈಟಿಸ್ ಸಿ ರೋಗಿಗಳಿಗೆ ಸಿಲಿಮರಿನ್ ಗುಳಿಗೆ ಕೊಟ್ಟು ನೋಡಿದ, 2012ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯಲ್ಲಿ ಅದು ಔಷಧಿಯೇ ಇಲ್ಲದ ಬರಿಗುಳಿಗೆಗಿಂತ ಹೆಚ್ಚಿನ ಫಲವನ್ನೇನೂ ಕೊಡಲಿಲ್ಲ ಎಂಬುದನ್ನು ಮಾತ್ರ ಹೇಳುವುದಿಲ್ಲ. ನಿಮ್ಮ ಗೆಳೆಯರ ಹಣ ಅವರ ಇಚ್ಛೆ. ಕೆರೆಯಂಗಳದ ಗಿಡದ ಸಹವಾಸ ಮಾತ್ರ ನಿಮಗೆ ಬೇಡ.

ಪ್ರಶ್ನೆ: 1998ರಲ್ಲಿ ನಾವು ದೆಹಲಿಯಲ್ಲಿದ್ದೆವು. ಸಾಸಿವೆ ಎಣ್ಣೆ ತಿಂದು ಜನ ಕಾಲು ಬಾತು ಆಸ್ಪತ್ರೆ ಸೇರಿದ್ದು ನೆನಪಿದೆ. ಅದಕ್ಕೂ ಈ ದತ್ತೂರಿಗೂ ಸಂಬಂಧವಿದೆಯೇ? (ದೆಹಲಿಯಲ್ಲಿ ನೆಲೆಸಿರುವ ಕನ್ನಡಿಗರು)

ಉತ್ತರ: ಅದೇ ಗಿಡ. ದತ್ತೂರಿಯ ಬೀಜ ನೋಡಲು ಸಾಸಿವೆಯ ಹಾಗೆಯೇ ಇರುತ್ತದೆ. ಅದರ ಎಣ್ಣೆ ಸಾಸಿವೆ ಎಣ್ಣೆಗೆ ಸೇರಿದರೆ, ಅದು ಬೆರೆತುದಿರಲಿ ಬೆರೆಸಿದುದಿರಲಿ, ಅದರಲ್ಲಿರುವ ಸ್ಯಾಂಗ್ವಿನರಿನ್ ಎಂಬ ವಿಷ ಸೂಕ್ಷ್ಮ ರಕ್ತನಾಳಗಳನ್ನು ಸೋರುವಂತೆ ಮಾಡುತ್ತದೆ. ಮೊದಲು ವಾಂತಿ, ಭೇದಿ. ಆಮೇಲೆ ಎರಡೂ ಕಾಲುಗಳಲ್ಲಿ ಬಾವು, ಉಸಿರಾಟದ ತೊಂದರೆ. ಕೆಲವರಿಗೆ ಕಣ್ಣಿನ ಒತ್ತಡ ಹೆಚ್ಚಿ ದೃಷ್ಟಿಗೇ ಕುತ್ತು, ವಿಷಮಿಸಿದರೆ ಹೃದಯದ ಸೋಲು. ‘ಎಪಿಡೆಮಿಕ್ ಡ್ರಾಪ್ಸಿ’ ಎಂಬ ಈ ರೋಗ ನಮ್ಮ ದೇಶದಲ್ಲಿ ಮೊದಲು ದಾಖಲಾದದ್ದು 1877ರಲ್ಲಿ, ಕಲ್ಕತ್ತೆಯಲ್ಲಿ. ನೀವು ಕಂಡ 1998ರ ದೆಹಲಿಯ ಹಾವಳಿಯಲ್ಲಿ 60ಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಒಂದೇ ಮನೆಯ ಎಲ್ಲರಿಗೂ ಒಟ್ಟಿಗೆ ಕಾಲು ಬಾತುಕೊಂಡು, ಹಾಲು ಕುಡಿಯುವ ಕೂಸಿಗೆ ಮಾತ್ರ ಏನೂ ಆಗದಿದ್ದರೆ ವೈದ್ಯರ ಗುಮಾನಿ ಅಡಿಗೆಯ ಎಣ್ಣೆಯ ಕಡೆಗೆ ತಿರುಗುತ್ತದೆ.

ಕರ್ನಾಟಕದಲ್ಲಿ ಸಾಸಿವೆ ಎಣ್ಣೆಯ ಬಳಕೆ ಕಡಿಮೆಯಾದ್ದರಿಂದ ನಮಗೆ ಇದರ ಭಯ ಅಷ್ಟಿಲ್ಲ. ಒಗ್ಗರಣೆಗೆ ಬಿಡಿ ಸಾಸಿವೆ ಕೊಳ್ಳುವವರು ಮಾತ್ರ ಒಂದು ಹಿಡಿಯನ್ನು ಬಿಳಿಯ ತಟ್ಟೆಯಲ್ಲಿ ಹರಡಿ ನೋಡಬಹುದು. ಸಾಸಿವೆಯ ಮೈ ನುಣುಪು, ದತ್ತೂರಿಯದು ಒರಟು. ಒತ್ತಿ ಒಡೆದಾಗ ಒಳಗೆ ಹಳದಿಯಿದ್ದರೆ ಸಾಸಿವೆ, ಬಿಳಿಯಿದ್ದರೆ ದತ್ತೂರಿ.

ಪ್ರಶ್ನೆ: ನಮ್ಮ ಹೊಲದ ಕುಸುಬಿಯೂ ಚುಚ್ಚುತ್ತದೆ, ಚಿತ್ರದ ಗಿಡವೂ ಚುಚ್ಚುತ್ತದೆ. ಇವೆರಡಕ್ಕೂ ಏನಾದರೂ ನಂಟಿದೆಯೇ ಎಂದು ಮಗ ಕೇಳಿದ. (ಗದಗ ಜಿಲ್ಲೆಯ ರೈತರೊಬ್ಬರು)

ಉತ್ತರ: ಈ ಬಾರಿ ಬಂದ ಪ್ರಶ್ನೆಗಳಲ್ಲಿ ನಿಮ್ಮ ಮಗನದೇ ನನಗೆ ಅತ್ಯಂತ ಇಷ್ಟವಾದದ್ದು. ಹತ್ತಿರದ ನಂಟೇ ಇದೆ. ಕುಸುಬಿ, ಬ್ರಹ್ಮದಂಡೆ, ಮಿಲ್ಕ್ ಥಿಸಲ್, ಸ್ಕಾಟ್ಲೆಂಡಿನ ಥಿಸಲ್ ಎಲ್ಲವೂ ಸೂರ್ಯಕಾಂತಿ ಕುಟುಂಬದ ಒಂದೇ ಕವಲಿಗೆ ಸೇರಿದವು. ಕುಸುಬಿಯೆಂದರೆ ಮನುಷ್ಯ ಹೊಲಕ್ಕೆ ಕರೆದುಕೊಂಡು ಬಂದ ಥಿಸಲ್. ಈಜಿಪ್ಟಿನ ಪ್ರಾಚೀನ ಸಮಾಧಿಗಳಲ್ಲಿ ಕುಸುಬಿ ಹೂವಿನ ಹಾರಗಳು ಸಿಕ್ಕಿರುವುದರಿಂದ ಈ ನಂಟು ಮೂರು ಸಾವಿರ ವರ್ಷಗಳಿಗೂ ಹಳೆಯದು.

ಆ ಮುಳ್ಳನ್ನು ನಮ್ಮ ಹಿರಿಯರು ತೊಂದರೆಯೆಂದು ಮಾತ್ರ ಎಣಿಸಲಿಲ್ಲ, ದುಡಿಸಿಕೊಂಡರು. ಹಿಂಗಾರಿ ಜೋಳದ ಹೊಲದ ಅಂಚಿಗೆ ಎರಡು ಮೂರು ಸಾಲು ಕುಸುಬಿ ಹಾಕಿದರೆ ದಾರಿಹೋಕ ದನ ಒಳಗೆ ಬಾಯಿ ಹಾಕುವುದಿಲ್ಲ. ಬೇಲಿಯೂ ಆಯಿತು, ಗಾಣಕ್ಕೆ ಕಾಳೂ ಆಯಿತು. ಮುಳ್ಳು ಬಲಿಯುವುದಕ್ಕೆ ಮೊದಲಿನ ಎಳೆಯ ಗಿಡವನ್ನು ಕಿತ್ತು ಸೊಪ್ಪಾಗಿ ರೊಟ್ಟಿಯೊಡನೆ ತಿನ್ನುವುದು, ಕಾಳನ್ನು ನೆನೆಹಾಕಿ ರುಬ್ಬಿ ಹಿಂಡಿದ ಹಾಲಿನಲ್ಲಿ ಹುಗ್ಗಿ ಮಾಡುವುದು ನಿಮ್ಮ ಕಡೆಯವರಿಗೆ ನಾನು ಹೇಳಿಕೊಡಬೇಕಾದ ಸಂಗತಿಗಳಲ್ಲ. ಕೊಯ್ಲಿನ ರೀತಿಯನ್ನು ಮಾತ್ರ ಪೇಟೆಯ ಓದುಗರಿಗಾಗಿ ಬರೆಯುತ್ತೇನೆ. ಕುಸುಬಿಯನ್ನು ಬಿಸಿಲೇರಿದ ಮೇಲೆ ಯಾರೂ ಕೊಯ್ಯುವುದಿಲ್ಲ. ನಸುಕಿನಲ್ಲಿ, ಇಬ್ಬನಿಯಿಂದ ಮುಳ್ಳು ಮೆತ್ತಗಾಗಿರುವಾಗಲೇ, ಕೈಗೂ ಕಾಲಿಗೂ ಹಳೆಯ ಬಟ್ಟೆ ಸುತ್ತಿಕೊಂಡು ಕುಡುಗೋಲು ಹಿಡಿಯುತ್ತಾರೆ. ಸೂರ್ಯ ಮೇಲೆ ಬಂದು ಮುಳ್ಳು ಮತ್ತೆ ಗರಿಗಟ್ಟುವಷ್ಟರಲ್ಲಿ ಅಂದಿನ ಕೆಲಸ ಮುಗಿದಿರಬೇಕು. ಕೂಲಿಯಾಳು ಸಿಗದ ಈ ಕಾಲದಲ್ಲಿ ಕುಸುಬಿ ಹಿಂದೆ ಸರಿಯಲು ಈ ಮುಳ್ಳೂ ಒಂದು ಕಾರಣ. ಮಹಾರಾಷ್ಟ್ರದ ಫಲ್ಟಣದ ನಿಂಬಕರ ಸಂಶೋಧನಾ ಸಂಸ್ಥೆ ‘ನಾರಿ-6’ ಎಂಬ ಮುಳ್ಳಿಲ್ಲದ ತಳಿಯನ್ನು ಬಿಡುಗಡೆ ಮಾಡಿದೆ. ಹೂವಿನ ಎಸಳಿಗಾಗಿ ಬೆಳೆಯುವವರಿಗೆ ಅದು ಅನುಕೂಲ, ಏಕೆಂದರೆ ಮುಳ್ಳಿನ ತಳಿಯಿಂದ ಎಸಳು ಬಿಡಿಸುವುದು ಬೆರಳಿಗೆ ಶಿಕ್ಷೆ. ಬೇಲಿಯ ಕೆಲಸಕ್ಕೆ ಮಾತ್ರ ಮುಳ್ಳಿನ ತಳಿಯೇ ಬೇಕು.

ಆ ಎಸಳಿನ ವಿಷಯದಲ್ಲಿ ಒಂದು ಎಚ್ಚರಿಕೆ. ಒಣಗಿದ ಕುಸುಬಿ ಎಸಳನ್ನು ಕೇಸರಿಯೆಂದು ಮಾರುವುದು ಹಳೆಯ ಮೋಸ. ಬಿಸಿನೀರಿನಲ್ಲಿ ನೆನೆಸಿ ಬಿಡಿಸಿ ನೋಡಿ: ಕೇಸರಿಯ ಎಳೆ ಒಂದು ತುದಿಯಲ್ಲಿ ಕಹಳೆಯ ಬಾಯಿಯಂತೆ ಅಗಲವಾಗುತ್ತದೆ, ಕುಸುಬಿಯದು ಐದು ಸೀಳಿನ ಕೊಳವೆ. ಬ್ರಹ್ಮದಂಡೆಯ ಚೆಂಡಿನಿಂದ ನಾನು ಕಿತ್ತ ಹೂವಿನ ಕೊಳವೆಗೂ ಅದೇ ಐದು ಸೀಳಿತ್ತೆಂಬುದನ್ನು ನಿಮ್ಮ ಮಗನಿಗೆ ತಿಳಿಸಿ. ನಂಟಿಗೆ ಅದು ಸಾಕ್ಷಿ.

ಪ್ರಶ್ನೆ: ಇಲ್ಲಿ ನಾಣ್ಯ, ಪೊಲೀಸರ ಲಾಂಛನ, ರಗ್ಬಿ ತಂಡದ ಅಂಗಿ ಎಲ್ಲದರ ಮೇಲೂ ಥಿಸಲ್ ಇದೆ. ಒಂದು ಕಳೆಗಿಡ ಒಂದು ನಾಡಿನ ಗುರುತಾದದ್ದು ಹೇಗೆ? (ಎಡಿನ್‌ಬರೋದಲ್ಲಿರುವ ಕನ್ನಡಿಗರೊಬ್ಬರು)

ಉತ್ತರ: ಅಲ್ಲಿಯವರನ್ನು ಕೇಳಿದರೆ ನಿಮಗೆ ಒಂದು ಕಥೆ ಸಿಗುತ್ತದೆ. ನಾರ್ವೆಯ ದಂಡು ಸ್ಕಾಟರ ಮೇಲೆ ರಾತ್ರಿಯಲ್ಲಿ ಸದ್ದಿಲ್ಲದೆ ಎರಗಲೆಂದು ಪಾದರಕ್ಷೆಗಳನ್ನು ಕಳಚಿ ಬರುತ್ತಿತ್ತು; ಒಬ್ಬ ಥಿಸಲ್ ಮೇಲೆ ಕಾಲಿಟ್ಟು ಚೀರಿದ; ಮಲಗಿದ್ದ ಸ್ಕಾಟರು ಎಚ್ಚೆತ್ತು ಗೆದ್ದರು. ಈ ಕಥೆಯನ್ನು 1263ರ ಲಾರ್ಗ್ಸ್ ಕದನಕ್ಕೆ ಜೋಡಿಸುತ್ತಾರೆ. ಆ ಕದನ ನಡೆದದ್ದು ನಿಜ. ನಾರ್ವೆಯ ದೊರೆ ನಾಲ್ಕನೆಯ ಹಾಕೋನನ ಹಡಗುಗಳು ಬಿರುಗಾಳಿಗೆ ಸಿಕ್ಕಿ ದಡಕ್ಕೆ ಬಿದ್ದದ್ದೂ ನಿಜ. ಮುಳ್ಳು ತುಳಿದು ಚೀರಿದವನ ಸುದ್ದಿ ಮಾತ್ರ ಆ ಕಾಲದ ಬರಹಗಳಲ್ಲಿ ಇಲ್ಲ, ಬಹಳ ತಡವಾಗಿ ಹುಟ್ಟಿಕೊಂಡದ್ದು. ಅಕ್ಟೋಬರಿನ ಚಳಿಯಲ್ಲಿ ಸಮುದ್ರತೀರದ ಕಲ್ಲುಗಳ ಮೇಲೆ ಬರಿಗಾಲಲ್ಲಿ ದಾಳಿಗೆ ಹೊರಡುವ ದಂಡನ್ನು ನಂಬುವುದು ನನಗೂ ಕಷ್ಟ.

ಖಚಿತವಾಗಿ ಹೇಳಬಹುದಾದುದು ಇಷ್ಟು. ಮೂರನೆಯ ಜೇಮ್ಸ್ ದೊರೆ 1470ರಲ್ಲಿ ಅಚ್ಚು ಹಾಕಿಸಿದ ಬೆಳ್ಳಿಯ ನಾಣ್ಯಗಳಲ್ಲಿ ಥಿಸಲ್ ಕಾಣಿಸಿಕೊಂಡಿತು. ಸ್ಕಾಟ್ಲೆಂಡಿಗೆ ಏಳನೆಯವನೂ ಇಂಗ್ಲೆಂಡಿಗೆ ಎರಡನೆಯವನೂ ಆಗಿದ್ದ ಜೇಮ್ಸ್ 1687ರಲ್ಲಿ ‘ಆರ್ಡರ್ ಆಫ್ ದ ಥಿಸಲ್’ ಎಂಬ ಗೌರವಪದವಿಯನ್ನು ಸ್ಥಾಪಿಸಿದ. ದೊರೆಮನೆಯವರನ್ನು ಬಿಟ್ಟರೆ ಹದಿನಾರು ಮಂದಿಗಷ್ಟೇ ಅದರಲ್ಲಿ ಸ್ಥಾನ. ನಿಮ್ಮ ಊರಿನ ಸೇಂಟ್ ಜೈಲ್ಸ್ ಇಗರ್ಜಿಯಲ್ಲಿ ಅವರ ಪ್ರಾರ್ಥನಾ ಮಂದಿರವಿದೆ, ಬಿಡುವಾದಾಗ ನೋಡಿಬನ್ನಿ. ಆ ಪದವಿಯ ಲ್ಯಾಟಿನ್ ಧ್ಯೇಯವಾಕ್ಯದ ಅರ್ಥ, ‘ನನ್ನನ್ನು ಕೆಣಕಿದವರಾರೂ ಹಾಗೆಯೇ ಪಾರಾಗುವುದಿಲ್ಲ’ ಎಂದು. ಸಿಂಹ, ಹದ್ದುಗಳನ್ನು ಲಾಂಛನವಾಗಿ ಇಟ್ಟುಕೊಂಡವರು ಬೇಟೆಯಾಡುವ ಬಲವನ್ನು ಸಾರಿದರೆ, ಇವರು ದೊಡ್ಡ ನೆರೆಹೊರೆಯ ಪಕ್ಕದಲ್ಲಿರುವ ಸಣ್ಣ ನಾಡಿಗೆ ಒಪ್ಪುವ ಮಾತನ್ನು ಆಡಿದ್ದಾರೆ. ಇಷ್ಟಾಗಿಯೂ ಲಾಂಛನದಲ್ಲಿರುವುದು ಯಾವ ಜಾತಿಯ ಥಿಸಲ್ ಎಂಬ ವಾದ ಅಲ್ಲಿಯೂ ಮುಗಿದಿಲ್ಲ. ಕೆಲವರು ಹೊಲಗಳಲ್ಲಿ ತಾನಾಗಿ ಬೆಳೆಯುವ ಸ್ಪಿಯರ್ ಥಿಸಲ್ ಎನ್ನುತ್ತಾರೆ, ಕೆಲವರು ಹೊರಗಿನಿಂದ ಬಂದ, ಬಿಳಿ ರೋಮದ ಕಾಟನ್ ಥಿಸಲ್ ಎನ್ನುತ್ತಾರೆ. ಸಿಂದಗಿಯ ಓದುಗರಿಗೆ ಇದನ್ನು ಕೇಳಿ ಸಮಾಧಾನವಾಗಬಹುದು.

ಸ್ಪೇನಿನ ಬಾಸ್ಕ್ ಸೀಮೆಯಲ್ಲಿ ಥಿಸಲ್‌ಗೆ ಇನ್ನೊಂದು ಅರ್ಥವಿದೆ. ಅಲ್ಲಿ ನೆಲಕ್ಕೆ ಅಂಟಿಕೊಂಡು ಬೆಳೆಯುವ ಕಾರ್ಲಿನಾ ಎಂಬ ಥಿಸಲ್‌ನ ಒಣಗಿದ ಹೂವನ್ನು ಮನೆಯ ಬಾಗಿಲಿಗೆ ಮೊಳೆ ಹೊಡೆದು ತೂಗುಹಾಕುತ್ತಾರೆ. ಅವರ ಮಾತಿನಲ್ಲಿ ಅದರ ಹೆಸರು ‘ಸೂರ್ಯನ ಹೂವು’. ರಾತ್ರಿ ಬರುವ ದುಷ್ಟಶಕ್ತಿ ಹೂವಿನ ಎಳೆಗಳನ್ನು ಒಂದೊಂದಾಗಿ ಎಣಿಸಲು ಕುಳಿತು, ಎಣಿಕೆ ಮುಗಿಯುವ ಮೊದಲೇ ಬೆಳಗಾಗಿ ಓಡಿಹೋಗುತ್ತದೆಂಬ ನಂಬಿಕೆ. ಗಾಳಿಯಲ್ಲಿ ತೇವ ಹೆಚ್ಚಿದಾಗ ಆ ಹೂವಿನ ಹೊರ ಎಸಳುಗಳು ಮುಚ್ಚಿಕೊಳ್ಳುವುದರಿಂದ ಮಳೆಯ ಮುನ್ಸೂಚನೆಯೂ ಬಾಗಿಲಲ್ಲೇ ಸಿಗುತ್ತದೆ. ಲೋಳೆಸರವನ್ನು ತಲೆಕೆಳಗಾಗಿ ಹೊಸಿಲ ಮೇಲೆ ಕಟ್ಟುವ ನಮಗೆ ಇದು ಹೊಸದೆನಿಸಲಾರದು.

ಪ್ರಶ್ನೆ: ಬ್ರಹ್ಮದಂಡೆ ನಮ್ಮ ಪಾಳು ಹೊಲದಲ್ಲಿ ಹಬ್ಬಿದೆ. ತೆಗೆಯುವುದು ಹೇಗೆ? ತೆಗೆಯಲೇಬೇಕೇ? (ಬಾಗಲಕೋಟೆ ಜಿಲ್ಲೆಯಿಂದ)

ಉತ್ತರ: ಹರಡುವುದು ಬೀಜದಿಂದ. ಆದ್ದರಿಂದ ಚೆಂಡು ಬಲಿತು ಒಣಗುವ ಮೊದಲು, ಹೂವು ಬಿಡುವ ಹೊತ್ತಿಗೆ ಕಡಿಯಬೇಕು. ನೆಲ ಹಸಿಯಿರುವಾಗ ಗುದ್ದಲಿಯಿಂದ ಬೇರುಸಹಿತ ಎಬ್ಬಿಸಿದರೆ ಮತ್ತೆ ಚಿಗುರುವ ಭಯವಿಲ್ಲ. ಎಕ್ಕದ ಬೀಜದ ಹಾಗೆ ಇದರ ಬೀಜ ಅರಳೆ ಕಟ್ಟಿಕೊಂಡು ದೂರ ಹಾರುವುದಿಲ್ಲ. ನೆರೆಯ ಹೊಲದಿಂದ ಗಾಳಿಯಲ್ಲಿ ಬಂದೀತೆಂಬ ಚಿಂತೆ ಅಷ್ಟಾಗಿ ಬೇಡ.

ತೆಗೆಯಲೇಬೇಕೇ ಎಂಬುದಕ್ಕೆ: ಬಿತ್ತುವ ನೆಲದಲ್ಲಿ ತೆಗೆಯಿರಿ, ಬದುವಿನಲ್ಲಿ ನಾಲ್ಕಾರು ಗಿಡ ಇರಲಿ. ಹಿಂಗಾರಿಯ ಕೊನೆಗೆ ಬೇರೆ ಹೂಗಳು ಕಡಿಮೆಯಾದಾಗ ಜೇನುಹುಳುಗಳು ಈ ಚೆಂಡಿಗೆ ಮುತ್ತಿಕೊಳ್ಳುತ್ತವೆ. ಕಿತ್ತಳೆ ರೆಕ್ಕೆಗೆ ಕಪ್ಪು ತುದಿ, ಅದರಲ್ಲಿ ಬಿಳಿಚುಕ್ಕೆಗಳಿರುವ ‘ಪೇಂಟೆಡ್ ಲೇಡಿ’ ಎಂಬ ಚಿಟ್ಟೆ ನಮ್ಮ ರಾಜ್ಯದಲ್ಲಿಯೂ ಇದೆ; ವನೆಸ್ಸಾ ಕಾರ್ಡುಯಿ ಎಂಬ ಅದರ ಶಾಸ್ತ್ರೀಯ ಹೆಸರಿನ ಎರಡನೆಯ ಪದಕ್ಕೆ ‘ಥಿಸಲ್‌ನದು’ ಎಂದೇ ಅರ್ಥ, ಏಕೆಂದರೆ ಅದರ ಮರಿಹುಳು ಥಿಸಲ್ ಜಾತಿಯ ಎಲೆಗಳನ್ನು ಇಷ್ಟಪಟ್ಟು ತಿನ್ನುತ್ತದೆ. ಕಿತ್ತ ಗಿಡಗಳನ್ನು ದಾರಿಯ ಮೇಲೆ ಎಸೆಯಬೇಡಿ. ಒಣಗಿದ ಮೇಲೂ ಮುಳ್ಳು ಮೊಂಡಾಗುವುದಿಲ್ಲ, ತೆಳುವಾದ ಚಪ್ಪಲಿಯ ಅಟ್ಟೆಯನ್ನು ತೂರಿ ಒಳಗೆ ಬರುತ್ತದೆ.